ಅಟ್ಟದ ಮುಚ್ಚಳ ಮರೆತ ಲೋರ್ನಾ

ನವೆಂಬರ್ ಕೊನೆಯ ವಾರ, ಬೆಳಗಿನ ಏಳೂವರೆ. ಕೆನಡಾದ ವಿನಿಪೆಗ್‌ನಲ್ಲಿ ರಾತ್ರಿಯಿಡೀ ಹಿಮ ಬಿದ್ದಿದೆ. ಲೋರ್ನಾ ಬಿಲೌಸ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವ್ಯಾನನ್ನು ನಿಧಾನವಾಗಿ ಓಡಿಸುತ್ತಾ ಎರಡೂ ಬದಿಯ ಮನೆಗಳ ಮಾಡುಗಳನ್ನು ನೋಡುತ್ತಿದ್ದಾರೆ. ಮಾಡಿನ ಮೇಲೆ ಹಿಮ ಬಿದ್ದಂತೆಯೇ ಕೂತಿದ್ದರೆ ಮನೆಯ ಶಾಖ ಒಳಗೇ ಇದೆ ಎಂದರ್ಥ. ಕರಗಿದ್ದರೆ ಸೋರುತ್ತಿದೆ.

ಐವತ್ತೆಂಟರ ಲೋರ್ನಾ ಇಪ್ಪತ್ತೇಳು ವರ್ಷದಿಂದ ಜನರ ಅಟ್ಟಗಳಲ್ಲಿ ಮಂಡಿಯೂರಿ, ಶಾಖ ಸೋರದಂತೆ ಕೊಳವೆಯಿಂದ ಕಾಗದದ ಚೂರು ತುಂಬುತ್ತಿದ್ದಾರೆ. ದಿನಕ್ಕೆ ಮೂವತ್ತು ಮೂಟೆ. ಮೈಯೆಲ್ಲ ತುರಿಕೆ, ಸಂಜೆಯವರೆಗೆ ಕೆಮ್ಮು. ಚೂರು ಹಳೆಯ ಪತ್ರಿಕೆಗಳದ್ದು. ನಮ್ಮಂಥ ಪತ್ರಿಕೆಯವರ ಬರಹಕ್ಕೂ ಕೊನೆಗೊಂದು ಉಪಯೋಗ ಸಿಕ್ಕಿದೆ.

"ಕಾಗದ ಅಲ್ಲ, ಅದರ ಮಧ್ಯೆ ಸುಮ್ನೆ ನಿಂತಿರೋ ಗಾಳಿ ಶಾಖ ತಡೆಯೋದು," ಎನ್ನುತ್ತಾರೆ. "ದಪ್ಪ ಎರಡರಷ್ಟು ಮಾಡಿದ್ರೆ ಸೋರೋದು ಅರ್ಧ ಆಗತ್ತೆ. ಆದ್ರೆ ಒಂದು ಕಡೆ ತೆಳ್ಳಗೆ ಬಿಟ್ರೋ, ಅಲ್ಲೇ ನುಗ್ಗತ್ತೆ."

ಒಂಬತ್ತು ವರ್ಷದ ಹಿಂದೆ ಅವರು ಬಿಟ್ಟದ್ದು ಅಂಥದೇ ಒಂದು ಕಡೆ. ಹರ್ಮನ್ ಫ್ರೀಸನ್ ಎಂಬ ಮುದುಕರ ಅಟ್ಟಕ್ಕೆ ಮೊಣಕಾಲುದ್ದ ತುಂಬಿ, ಕೆಳಗಿಳಿದು, ಮುಚ್ಚಳ ಹಾಕಿಕೊಂಡು ಬಂದರು. ಇಳಿಯುವ ದಾರಿಯ ಆ ಮುಚ್ಚಳ ಬರೀ ತೆಳು ಹಲಗೆ. ಅದಕ್ಕೆ ಏನೂ ಹೊದಿಸಿರಲಿಲ್ಲ. ಇಡೀ ಅಟ್ಟದಿಂದ ಸೋರುವ ಶಾಖದ ಐದನೇ ಒಂದು ಪಾಲು ಆ ಒಂದು ಹಲಗೆಯಿಂದಲೇ. ಅದರ ಕೆಳಗೇ ಫ್ರೀಸನ್ನರ ಮಂಚ. ಅವರು ಕೋಟು ಹಾಕಿಕೊಂಡು ಮಲಗಿದರು, ಕಾಫಿ ಅಂಗಡಿಯಲ್ಲಿ ಲೋರ್ನಾ ಹೆಸರು ಹೇಳಿ ಬೈದರು. ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡುತ್ತೇನೆಂದು ಲೋರ್ನಾ ಪ್ರತಿ ವರ್ಷ ಬಾಗಿಲು ತಟ್ಟಿದರೆ, ಒಮ್ಮೆ ನಂಬಿದ್ದೇ ಸಾಕೆಂದು ಕಳಿಸಿಬಿಡುತ್ತಿದ್ದರು. ಪ್ರತಿ ಚಳಿಗಾಲ ಆ ಮಾಡಿನ ಮೇಲೆ ಹಿಮ ಕರಗಿದ ಒಂದು ಬೋಳು ಜಾಗ. ಅದನ್ನು ನೋಡಿದ ದಿನ ಊಟ ಸೇರುತ್ತಿರಲಿಲ್ಲ ಎಂದು ಲೋರ್ನಾ ಹೇಳುತ್ತಾರೆ.

ಕಳೆದ ತಿಂಗಳು, ಎದೆಗೆ ಶೀತ ಹಿಡಿದ ಮೇಲೆ, ಮುದುಕರು ಒಳಗೆ ಬಿಟ್ಟರು. ಲೋರ್ನಾ ಮುಚ್ಚಳಕ್ಕೆ ದಪ್ಪ ಹೊದಿಕೆ ಹಾಕಿ ಬಂದರು. ಅದಾದ ಮೇಲೆ ಇದೇ ಮೊದಲ ಹಿಮ.

ವ್ಯಾನು ಫ್ರೀಸನ್ನರ ಮನೆಯೆದುರು ನಿಲ್ಲುತ್ತದೆ. ಲೋರ್ನಾ ತುಸು ಹೊತ್ತು ತಲೆ ಎತ್ತುವುದಿಲ್ಲ. ಆಮೇಲೆ ನೋಡುತ್ತಾರೆ. ಮಾಡು ಈ ತುದಿಯಿಂದ ಆ ತುದಿಗೆ ಬೆಳ್ಳಗಿದೆ.

ಮೆಟ್ಟಿಲ ಹಿಮ ಗುಡಿಸುತ್ತಿದ್ದ ಫ್ರೀಸನ್ ಪೊರಕೆ ಊರಿ ನಿಲ್ಲುತ್ತಾರೆ. "ಒಂದು ಮುಚ್ಚಳಕ್ಕೆ ಒಂಬತ್ತು ವರ್ಷ ಬೇಕಾಯ್ತೇನಮ್ಮ?"

"ಮುಚ್ಚಳಕ್ಕೆ ಇಪ್ಪತ್ತು ನಿಮಿಷ, ಯಜಮಾನ್ರೇ. ಮಿಕ್ಕಿದ್ದು ನೀವು ಬಾಗಿಲು ತೆಗೆಯೋಕೆ ತಗೊಂಡಿದ್ದು."

ಮುದುಕರು ನಗುವುದಿಲ್ಲ. ಕೋಟು ಈಗ ರಾತ್ರಿ ಮೊಳೆಯಲ್ಲೇ ಇರುತ್ತದೆ ಎಂದಷ್ಟೇ ಹೇಳಿ ಮತ್ತೆ ಗುಡಿಸತೊಡಗುತ್ತಾರೆ.

ನಿಮ್ಮ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ ಎಂದು ಕೇಳುತ್ತೇನೆ. ಲೋರ್ನಾ ಇನ್ನೂ ಮಾಡನ್ನೇ ನೋಡುತ್ತಿದ್ದಾರೆ.

"ಒಂಬತ್ತು ವರ್ಷ ಕಣ್ಣಿಗೆ ಬಿದ್ದಿತ್ತಲ್ಲ," ಎನ್ನುತ್ತಾರೆ. "ಇವತ್ತು ಕಾಣ್ತಿಲ್ಲ."