ಚಿಪ್‌ನೊಳಗಿನ ಮೇಡಂ

ಈ ಸಲ ಗೌರಿ ಹಬ್ಬಕ್ಕೆ ತವರಿಗೆ ಹೊರಟಿದ್ದೆ. ಬಸ್ಸು ಪಿರಿಯಾಪಟ್ಟಣ ದಾಟಿ ಹಾರನಹಳ್ಳಿ ಕಡೆ ತಿರುಗುತ್ತಿದ್ದ ಹಾಗೆಯೇ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಬ್ಯಾರನ್ನುಗಳಲ್ಲಿ, ಅಂದರೆ ಬೆಂಕಿ ಹಾಕಿ ಸೊಪ್ಪು ಒಣಗಿಸುವ ಗೂಡುಗಳಲ್ಲಿ, ಹೊಗೆಸೊಪ್ಪು ಬೇಯುವ ವಾಸನೆ. ಪಕ್ಕದ ಸೀಟಿನಲ್ಲಿದ್ದ ಮೈಸೂರಿನ ಹೆಂಗಸೊಬ್ಬರು, "ಏನೋ ಸಿಹಿಸಿಹಿಯಾಗಿದೆಯಲ್ಲ!" ಎಂದು ಖುಷಿಪಟ್ಟರು. ಅದನ್ನು ಸಿಹಿ ಎನ್ನುವವರು ಹಸಿ ಸೊಪ್ಪಿನ ರಾಶಿಯ ಮುಂದೆ ಒಂದು ದಿನವೂ ಕೂತವರಲ್ಲ.

ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಒಂದು ದನಿ ಕೇಳುತ್ತದೆ. ಒಂದು ಲೆಕ್ಕ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಥೇಟ್ ಕೋಳಿಯ ಹಾಗೆ ಕೂಗುವ ಹೆಂಗಸಿನ ದನಿ... ನಮ್ಮ ಮೇಡಂ ದನಿ.

ಅವರು ಕೆ.ಆರ್. ನಗರದ ಕಡೆಯವರು. ನಾನು ಐದನೇ ಕ್ಲಾಸಿಗೆ ಬಂದ ವರ್ಷ ನಮ್ಮೂರ ಶಾಲೆಗೆ ಬಂದರು. ಕುಳ್ಳಗೆ, ಗಟ್ಟಿಯಾಗಿದ್ದರು. ಮಳೆ ಇರಲಿ ಬಿಸಿಲಿರಲಿ ಕಂಕುಳಲ್ಲಿ ಕೊಡೆ. ಮೂಗಿನ ತುದಿಯಲ್ಲೇ ಕೋಪ. ಮಗ್ಗಿ ತಪ್ಪಿದರೆ ಸೀಮೆಸುಣ್ಣ ಹಾರಿ ಬರುತ್ತಿತ್ತು, ಗುರಿಯೂ ತಪ್ಪುತ್ತಿರಲಿಲ್ಲ. ನಾವು ಹೆದರುತ್ತಿದ್ದೆವು. ಅವರು ರಜೆ ಹಾಕಿದ ದಿನ ಶಾಲೆ ಸಪ್ಪೆ ಅನ್ನಿಸುತ್ತಿದ್ದುದೂ ನಿಜ.

ನಮ್ಮ ಕಡೆ ಜೂನ್‌ನಲ್ಲಿ ಶಾಲೆ ತುಂಬಿದರೆ, ಸೊಪ್ಪು ಮುರಿಯುವ ಕಾಲಕ್ಕೆ ಅರ್ಧ ಖಾಲಿ. ಬೆಳಿಗ್ಗೆ ಹೊಲದಲ್ಲಿ ಮುರಿದ ಹಸಿ ಎಲೆ ಬ್ಯಾರನ್ನಿನ ಮುಂದಿನ ಚಪ್ಪರಕ್ಕೆ ಬಂದು ಬೀಳುತ್ತದೆ. ಅದು ಬಾಡುವುದರೊಳಗೆ ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಒಳಗೆ ತೂಗುಹಾಕಿ, ಬೆಂಕಿ ಕೊಡಬೇಕು. ನಾಳೆಗೆ ಬಿಡುವ ಕೆಲಸವಲ್ಲ ಅದು. ಹೆಂಗಸರೊಂದಿಗೆ ಮಕ್ಕಳೂ ಕೂರುತ್ತಿದ್ದರು, ಸಣ್ಣ ಬೆರಳು ಬೇಗ ಓಡುತ್ತದೆಂದು. ಮಧ್ಯಾಹ್ನದ ಹೊತ್ತಿಗೆ ಕೈ ತುಂಬ ಕಪ್ಪು ಅಂಟು. ಎಲೆ ಒದ್ದೆಯಾಗಿದ್ದ ದಿನ ತಲೆ ಸುತ್ತಿ, ಎದ್ದು ಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ ಬಂದು ಮತ್ತೆ ಕೂರುತ್ತಿದ್ದರು. ಅದನ್ನು ಯಾರೂ ಕಾಯಿಲೆ ಅಂದುಕೊಂಡಿರಲಿಲ್ಲ.

ನಮ್ಮದು ಬ್ಯಾರನ್ ಇದ್ದ ಮನೆ. ಹಾಗಾಗಿ ನಾನು ಶಾಲೆಗೆ ಹೋಗುತ್ತಿದ್ದೆ, ನನ್ನ ಪಕ್ಕ ಕೂರುತ್ತಿದ್ದ ಮಾದೇವಿ ನಮ್ಮ ಬ್ಯಾರನ್ನಿಗೆ ಹೋಗುತ್ತಿದ್ದಳು. ಲೆಕ್ಕದಲ್ಲಿ ನಾನು ಬೆರಳು ಎಣಿಸುತ್ತಿರುವಾಗ ಅವಳು ಉತ್ತರ ಹೇಳಿ ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದಳು. ಇಡೀ ಶಾಲೆಯಲ್ಲಿ ಮೇಡಂ ಸೀಮೆಸುಣ್ಣ ಎಸೆಯದ ಒಂದೇ ಹುಡುಗಿ ಅವಳು. ವಸತಿ ಶಾಲೆಯ ಪ್ರವೇಶ ಪರೀಕ್ಷೆ ಫೆಬ್ರವರಿಯಲ್ಲಿತ್ತು. ಅದರಲ್ಲಿ ಪಾಸಾದರೆ ಊಟ, ಬಟ್ಟೆ, ಪುಸ್ತಕ, ಮಲಗುವ ಜಾಗ ಎಲ್ಲ ಅಲ್ಲೇ. ಮಾದೇವಿಯನ್ನು ಅಲ್ಲಿಗೆ ಸೇರಿಸಲೇಬೇಕೆಂದು ಮೇಡಂ ಹಟ ಹಿಡಿದಿದ್ದರು.

ಮಕ್ಕಳನ್ನು ಕಳಿಸಿ ಎಂದು ಮನೆಮನೆಗೆ ಹೋದರು. ಎಲ್ಲರೂ ಮಣೆ ಹಾಕಿ, ಕಾಫಿ ಕೊಟ್ಟು, ಹ್ಞೂಂ ಎಂದರು. ಒಬ್ಬರೂ ಕಳಿಸಲಿಲ್ಲ.

ಆಗ ಊರಿಗೆ ಚೈನಾ ಸೆಟ್ಟುಗಳು ಬಂದ ಹೊಸತು. ಅಂಗೈಯಗಲದ ಫೋನು, ಎತ್ತಿನಗಾಡಿಗೆ ಮೈಕು ಕಟ್ಟಿದಷ್ಟು ಸದ್ದು. ಅದರೊಳಗಿನ ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡಿಗೆ ಎಲ್ಲರೂ ಚಿಪ್ ಅನ್ನುತ್ತಿದ್ದರು. ಪಿರಿಯಾಪಟ್ಟಣದ ಅಂಗಡಿಯಲ್ಲಿ ಸಿನಿಮಾ ಹಾಡು ತುಂಬಿಸಿಕೊಂಡು ಬಂದು, ಸೊಪ್ಪು ಕಟ್ಟುವಾಗ ಹಾಕಿಬಿಡುತ್ತಿದ್ದರು. ಒಂದು ಸಂಜೆ ನಮ್ಮ ಚಪ್ಪರಕ್ಕೆ ಬಂದ ಮೇಡಂ ಅದನ್ನು ನೋಡಿದರು. ಮಕ್ಕಳ ಕೈಯಲ್ಲಿ ಪುಸ್ತಕ ಹಿಡಿಯಲಾಗದ ಅಂಟು, ಆದರೆ ಕಿವಿ, ಬಾಯಿ ಖಾಲಿ. ಮಾರನೇ ವಾರ ಅವರೂ ಒಂದು ಚೈನಾ ಸೆಟ್ ಕೊಂಡರು.

ಅದರಲ್ಲಿ ಅವರು ಹೂಡಿದ ಆಟ ಬಹಳ ಸುಲಭದ್ದು. ಮೇಡಂ ತಮ್ಮ ದನಿಯಲ್ಲಿ ಲೆಕ್ಕಗಳನ್ನು ರೆಕಾರ್ಡ್ ಮಾಡಿ ಚಿಪ್‌ಗೆ ಹಾಕುತ್ತಿದ್ದರು. "ಒಂದು ಕಡ್ಡಿಗೆ ಇಷ್ಟು ಎಲೆಯಾದರೆ ಹನ್ನೆರಡು ಕಡ್ಡಿಗೆ ಎಷ್ಟು?" ಆಮೇಲೆ ಮೌನ. ಕೋಳಿ ಕೂಗುವುದರೊಳಗೆ ಉತ್ತರ ಹೇಳಬೇಕು. ಕೂಗುವ ಕೋಳಿಯೂ ಮೇಡಂ ಅವರೇ, ಆಮೇಲೆ ಸರಿಯುತ್ತರ ಹೇಳುವವರೂ ಅವರೇ! ಅಷ್ಟು ಸಿಡುಕಿನ ಹೆಂಗಸು "ಕೊಕ್ಕೊಕ್ಕೋ" ಎಂದದ್ದನ್ನು ಮೊದಲ ಸಲ ಕೇಳಿದಾಗ ಚಪ್ಪರದಲ್ಲಿದ್ದ ಮುದುಕಿಯರೂ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಈ ಸಾಲು, ಆ ಸಾಲು ಎಂದು ಎರಡು ಗುಂಪು. ಸೋತವರು ಒಂದು ಪದ್ಯ ಹೇಳಬೇಕು. ಚಿಪ್ ತೆಗೆದುಕೊಂಡು ಹೋಗಿ ಬರುವ ಕೆಲಸ ನನ್ನದು. ಶಾಲೆ ಬಿಟ್ಟ ಮೇಲೆ ನಾನೂ ಚಪ್ಪರದಲ್ಲಿ ಕೂತು ಆಡುತ್ತಿದ್ದೆ. ನನಗೆ ಭಾಗಾಕಾರ ಬಂದದ್ದು ಶಾಲೆಯಲ್ಲಲ್ಲ, ಅಲ್ಲಿ.

ಮಾದೇವಿ ಇದ್ದ ಸಾಲು ಸೋಲುತ್ತಲೇ ಇರಲಿಲ್ಲ. ಕೈ ಒಂದು ಗಳಿಗೆಯೂ ನಿಲ್ಲದೆ, ತಲೆಯನ್ನೂ ಎತ್ತದೆ ಉತ್ತರ ಹೇಳಿಬಿಡುತ್ತಿದ್ದಳು. ಮೇಡಂ ಹಿಗ್ಗಿಹೋದರು. ಸೊಪ್ಪಿನ ಕಾಲ ಮುಗಿದ ಮೇಲೆ ಈ ಮಕ್ಕಳು ಹಿಂದಿನ ಬೆಂಚಿಗೆ ಬಂದು ಪೆಚ್ಚಾಗಿ ಕೂರುವುದು ತಪ್ಪುತ್ತದೆ ಎನ್ನುತ್ತಿದ್ದರು. ಪ್ರತಿ ವರ್ಷ ಮಕ್ಕಳು ಶಾಲೆ ಬಿಡುತ್ತಿದ್ದುದು ಆ ನಾಚಿಕೆಗೇ ಎಂದು ಅವರು ನಂಬಿದ್ದರು.

ಕೆಟ್ಟದ್ದು ಸದ್ದು ಮಾಡಿಕೊಂಡು ಬರಲಿಲ್ಲ. ಮೊದಲು ನಮ್ಮಪ್ಪನೇ ಹೇಳಿದ್ದು, ಪಕ್ಕದ ಬ್ಯಾರನ್ನಿನವನಿಗೆ: "ಮೇಡಮ್ನೋರ್ ಆಟ ಆಕುದ್ ಮ್ಯಾಲೆ ಸೊಪ್ಪು ಕಟ್ಟೋದು ಬಿರ್ನೆ ಆಯ್ತದೆ ಕಣ್ಲಾ. ಮಕ್ಳು ಎದ್ದೋಗಾಕೇ ಇಲ್ಲ." ಅಪ್ಪ ಕೆಟ್ಟವನಲ್ಲ. ಕಂಡದ್ದನ್ನು ಹೇಳಿದ, ಅಷ್ಟೇ. ಆದರೆ ಬ್ಲೂಟೂತಿನಲ್ಲಿ ಆಟ ಊರಿನ ಬ್ಯಾರನ್ನುಗಳಿಗೆಲ್ಲ ಹಬ್ಬಿತು. ಯಾರೋ ಒಬ್ಬರು ನಿಯಮ ಬದಲಾಯಿಸಿದರು. ಸೋತ ಸಾಲಿನವರು ಪದ್ಯ ಹೇಳುವುದು ಬೇಡ, ಒಂದು ಕಡ್ಡಿ ಜಾಸ್ತಿ ಕಟ್ಟಲಿ. ಮಕ್ಕಳು ಕುಣಿದಾಡಿಕೊಂಡು ಒಪ್ಪಿದರು. ಅಲ್ಲಿಯವರೆಗೆ ಅಪರೂಪಕ್ಕಾದರೂ ಶಾಲೆಗೆ ಬರುತ್ತಿದ್ದವರೂ ಬರುವುದನ್ನು ನಿಲ್ಲಿಸಿದರು. ಆಟ ಅಲ್ಲಿರುವಾಗ ಇಲ್ಲಿಗೇಕೆ ಬರಬೇಕು? ಮಾದೇವಿಯ ಅವ್ವನಿಗೆ ಎಲ್ಲ ಬ್ಯಾರನ್ನುಗಳಿಂದಲೂ ಕರೆ ಬರತೊಡಗಿತು, ಮಗಳನ್ನೂ ಕರೆದುಕೊಂಡು ಬಾ ಎಂದು. ಅವಳಿದ್ದರೆ ಆಟ ರಂಗೇರುತ್ತದೆ, ಕೆಲಸ ಸಾಗುತ್ತದೆ.

ಒಂದು ದಿನ ಮೇಡಂ ಹೇಳದೆ ಕೇಳದೆ ನಮ್ಮ ಚಪ್ಪರಕ್ಕೆ ಬಂದರು. ಸೋತ ಸಾಲಿನ ಮಕ್ಕಳು ಆ ಹೆಚ್ಚುವರಿ ಕಡ್ಡಿ ಕಟ್ಟುತ್ತಿದ್ದರು. ಮೇಡಂ ಫೋನು ಕಿತ್ತುಕೊಂಡು ಚಿಪ್ ತೆಗೆದರು. "ಮಕ್ಕಳ ಆಟದಲ್ಲೂ ಕೆಲಸ ಹಿಂಡ್ತೀರಲ್ರೀ, ನಿಮಗೆ ಮಕ್ಕಳಿಲ್ವಾ?" ಎಂದು ಕೂಗಾಡಿದರು. ಅಪ್ಪ ತಲೆ ಕೆರೆದುಕೊಂಡು, "ಕ್ವಾಪ ಮಾಡ್ಕಬ್ಯಾಡಿ ಮೇಡಮ್ನೋರೆ, ನಿಮ್ ದಯದಿಂದ ಮಕ್ಳು ನಗ್ತಾ ನಗ್ತಾ ಗೇಯ್ತವೆ ಬುಡಿ" ಎಂದ. ಅವನು ಅದನ್ನು ಹೊಗಳಿಕೆ ಎಂದೇ ಹೇಳಿದ್ದ.

ಶಾಲೆಗೆ ವಾಪಸ್ ಬಂದು ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು. "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತಲ್ಲೇ" ಎಂದರು, ನನಗೋ ಗೋಡೆಗೋ ಗೊತ್ತಿಲ್ಲ. ನಿಲ್ಲಿಸಿಬಿಡುತ್ತಾರೆ ಅಂದುಕೊಂಡೆ. ನಿಲ್ಲಿಸಲಾಗಲಿಲ್ಲ. ನಿಲ್ಲಿಸಿದರೂ ಮಕ್ಕಳು ಬ್ಯಾರನ್ ಬಿಟ್ಟು ಬರುತ್ತಿರಲಿಲ್ಲ, ಪಾಠ ಮಾತ್ರ ನಿಲ್ಲುತ್ತಿತ್ತು. ಆ ಸಂಕಟ ಎಂಥದ್ದೆಂದು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಮೇಡಂ ಹೊಸ ಲೆಕ್ಕ ರೆಕಾರ್ಡ್ ಮಾಡುತ್ತಲೇ ಹೋದರು. ಕೋಳಿ ಮಾತ್ರ ಮೊದಲಿನಷ್ಟು ಗೆಲುವಾಗಿ ಕೂಗುತ್ತಿರಲಿಲ್ಲ.

ಸೊಪ್ಪು ಮುಗಿಯಿತು. ಮಾದೇವಿ ಬೆಂಚಿಗೆ ವಾಪಸ್ ಬಂದಳು. ನಿಜಕ್ಕೂ ಅವಳು ಯಾರಿಗಿಂತಲೂ ಹಿಂದೆ ಬಿದ್ದಿರಲಿಲ್ಲ. ನಮ್ಮಿಬ್ಬರಿಗೂ ಪ್ರವೇಶ ಪರೀಕ್ಷೆಗೆ ಹೆಸರು ಹಾಕಿಸಿ, ಮೇಡಂ ದಿನಾ ಸಂಜೆ ಕೂರಿಸಿಕೊಂಡು ಪಾಠ ಹೇಳಿದರು. ಅಷ್ಟರಲ್ಲಿ ಕೊಡಗಿನಲ್ಲಿ ಕಾಫಿ ಕುಯ್ಲು ಶುರುವಾಯಿತು. ಕೂಲಿಯವರನ್ನು ತುಂಬಿಕೊಂಡು ಹೋಗಲು ಜೀಪುಗಳು ಬಂದವು.

ಮಾದೇವಿಯ ಅವ್ವ ಕಂಕುಳಲ್ಲಿ ಎಳೆಗೂಸು ಎತ್ತಿಕೊಂಡು ಶಾಲೆಯ ಬಾಗಿಲಿಗೆ ಬಂದಳು. ಹುಡುಗಿಯನ್ನು ಇಲ್ಲೇ ಬಿಟ್ಟು ಹೋಗು, ನನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಮೇಡಂ ಕೈಮುಗಿಯುವುದೊಂದು ಬಾಕಿ. ಅವ್ವ ನಕ್ಕಳು. ಎಷ್ಟು ನೆಮ್ಮದಿಯ ನಗು ಅದು!

"ಈ ಕೂಸ್ನ ಯಾರ್ ನೋಡ್ಕಂಡಾರು ಮೇಡಮ್ನೋರೆ? ಇಸ್ಕೂಲೇನ್ ತಪ್ಪಾಕಿಲ್ಲ ಬುಡಿ. ಆ ಚಿಪ್ ಒಂದ್ ಕೊಡಿ. ಅಲ್ಲಿ ಮೇಸ್ತ್ರಿತಾವೂ ಚೈನಾ ಸೆಟ್ ಅದೆ. ಮಾದೇವಿ ಅಲ್ಲೇ ಕೂತ್ಕಂಡು ಕಲ್ತ್ಕತದೆ."

ಶಾಲೆಯೆಂದರೆ ಆ ಚಿಪ್ ಎಂದೇ ಅವಳು ನಂಬಿದ್ದಳು. ಹಾಗೆ ನಂಬಿಸಿದವರು ಮೇಡಂ ಅವರೇ. ಅವರ ಮುಖ ಸುಣ್ಣದಂತಾದದ್ದನ್ನು ನಾನು ನೋಡಿದೆ. ಪರೀಕ್ಷೆಯ ದಿನಕ್ಕಾದರೂ ಕಳಿಸುತ್ತೇನೆ ಎಂದು ಅವ್ವನಿಂದ ಮಾತು ತೆಗೆದುಕೊಂಡು, ಸಂಜೆ ಬಾ, ಚಿಪ್ ಕೊಡುತ್ತೇನೆ ಎಂದು ಕಳಿಸಿದರು.

ಎಲ್ಲರೂ ಹೋದ ಮೇಲೆ ಶಾಲೆಯ ಜಗುಲಿಯಲ್ಲಿ ಕೂತು ರೆಕಾರ್ಡ್ ಮಾಡಿದರು. ಫೋನು ಹಿಡಿದುಕೊಂಡಿದ್ದವಳು ನಾನು. ಕೊನೆಯ ಲೆಕ್ಕ ಇವತ್ತಿಗೂ ನನಗೆ ಬಾಯಿಪಾಠ. "ಒಬ್ಬ ಹುಡುಗಿ ಪರೀಕ್ಷೆಯ ದಿನ ಬೆಳಿಗ್ಗೆ ಆರು ಗಂಟೆಗೆ ಕೊಡಗಿನಲ್ಲಿ ಬಸ್ ಹತ್ತುತ್ತಾಳೆ. ಪಿರಿಯಾಪಟ್ಟಣಕ್ಕೆ ಎರಡೂವರೆ ಗಂಟೆ ದಾರಿ. ನಡುವೆ ಕಾಲು ಗಂಟೆ ಟೀಗೆ ನಿಲ್ಲಿಸುತ್ತಾರೆ. ಅವಳ ಮೇಡಂ ಎಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರಬೇಕು?"

ಕೋಳಿ ಕೂಗುತ್ತದೆಂದು ನಾನು ಕಾದೆ. ಕೂಗಲಿಲ್ಲ. "ಈ ಲೆಕ್ಕದ ಉತ್ತರ ಚಿಪ್‌ನಲ್ಲಿಲ್ಲ ಮಾದೇವಿ. ನೀನೇ ಬಂದು ನನಗೆ ಹೇಳಬೇಕು" ಎಂದು ಹೇಳಿ ಫೋನು ಆಫ್ ಮಾಡಿಸಿದರು.

ಪರೀಕ್ಷೆಯ ಭಾನುವಾರ ನಾನು ಅಪ್ಪನ ಜೊತೆ ಪಿರಿಯಾಪಟ್ಟಣಕ್ಕೆ ಹೋದಾಗ ಮೇಡಂ ಆಗಲೇ ಬಸ್ ಸ್ಟ್ಯಾಂಡಿನಲ್ಲಿದ್ದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಹೊಸ ಜಾಮಿಟ್ರಿ ಬಾಕ್ಸ್. ಎಂಟೂಮುಕ್ಕಾಲರ ಬಸ್ಸು ಬಂತು. ಕಾಫಿ ಗೋಣಿ ಇಳಿಸಿದರು, ಮುದುಕರು ಇಳಿದರು, ಬುಟ್ಟಿ ಹೊತ್ತ ಹೆಂಗಸರು ಇಳಿದರು. ಮೇಡಂ ಬಸ್ಸಿನೊಳಗೆ ಹತ್ತಿ ಹಿಂದಿನ ಸೀಟಿನವರೆಗೂ ನೋಡಿ ಬಂದರು. ಮುಂದಿನ ಬಸ್ಸು, ಅದರ ಮುಂದಿನ ಬಸ್ಸು... ಪರೀಕ್ಷೆಯ ಗೇಟು ಹಾಕುವ ಹೊತ್ತಾಯಿತೆಂದು ಅಪ್ಪ ನನ್ನನ್ನು ಎಳೆದುಕೊಂಡು ಹೋದ. ಪರೀಕ್ಷೆ ಮುಗಿಸಿ ಬಂದಾಗಲೂ ಅವರು ಅಲ್ಲೇ ಇದ್ದರು. ಜಾಮಿಟ್ರಿ ಬಾಕ್ಸನ್ನು ನನಗೆ ಕೊಡುತ್ತಾರೇನೋ ಅಂದುಕೊಂಡೆ. ಕೊಡಲಿಲ್ಲ.

ನನಗೆ ಸೀಟು ಸಿಕ್ಕಿತು. ಮಾದೇವಿ ಕುಯ್ಲು ಮುಗಿಸಿ ಬಂದವಳು ಶಾಲೆಗೆ ಬರಲಿಲ್ಲ. ಕೂಸು ನೋಡಿಕೊಂಡಳು, ಆಮೇಲೆ ಸೊಪ್ಪು, ಆಮೇಲೆ ಮತ್ತೆ ಕಾಫಿ. ಹದಿನಾರು ತುಂಬುವ ಮೊದಲೇ ಊರೊಳಗಿನ ಹುಡುಗನಿಗೇ ಮದುವೆ ಮಾಡಿಕೊಟ್ಟರು. ಮೇಡಂ ಪರೀಕ್ಷೆಯಾದ ಬೇಸಿಗೆಯಲ್ಲೇ ವರ್ಗ ಮಾಡಿಸಿಕೊಂಡು ತಮ್ಮ ಊರಿನ ಕಡೆ ಹೋದರು. ಹೋಗುವ ಮುಂಚೆ ಬ್ಯಾರನ್ನಿದ್ದ ಮನೆಗಳಿಗೆಲ್ಲ ಹೋಗಿ, ಫೋನುಗಳಿಂದ ತಮ್ಮ ದನಿಯನ್ನು ಅಳಿಸಲು ಕೇಳಿಕೊಂಡರಂತೆ. ಅಳಿಸುತ್ತೇವೆ ಎಂದರು. ಮುಂದಿನ ವರ್ಷದ ಸೊಪ್ಪಿಗೂ ಅದೇ ಕೋಳಿ ಕೂಗಿತು.

ಈಗ ನಾನು ಹುಣಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮೇಡಂ ತೀರಿಹೋದ ಸುದ್ದಿಯೂ ಮೊಬೈಲಿನಲ್ಲೇ ಬಂತು, ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ. ಹಾರ ಹಾಕಿದ ಫೋಟೋ, ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಮಾದೇವಿ ಆ ಗುಂಪಿನಲ್ಲಿಲ್ಲ. ಅವಳಿಗೆ ನಾನೇ ಹೇಳಬೇಕಾಗಿತ್ತು. ಬಸ್ಸಿಳಿದು ಮನೆಗೆ ಹೋಗಿ, ಬಾಗಿನದ ಮೊರ ಒಳಗಿಟ್ಟು ಚಪ್ಪರಕ್ಕೆ ಹೋದೆ. ಬ್ಯಾರನ್ ಈಗ ಅಣ್ಣನದು, ಸೊಪ್ಪು ಕಟ್ಟುವವಳು ಈಗಲೂ ಮಾದೇವಿ.

"ಯಾವಾಗ್ ಬಂದ್ರಕ್ಕ?" ಎಂದಳು ಮಾದೇವಿ. ಒಂದೇ ಬೆಂಚಿನಲ್ಲಿ ಕೂತವಳು ನನಗೆ ಅಕ್ಕ ಅನ್ನುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. ಪಕ್ಕದಲ್ಲಿ ಕೂತು ಸುದ್ದಿ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಎಲೆ, ದಾರ, ಎಲೆ, ದಾರ...

"ಅವತ್ತು ಕಾದಿದ್ರಾ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

"ಹ್ಞೂಂ. ಪರೀಕ್ಷೆ ಮುಗಿದ ಮೇಲೂ."

"ನಾನೂ ರೋಡಿಗ್ ಬಂದಿದ್ದೆ. ತಮ್ಮ ಸ್ವಂಟದ ಮ್ಯಾಲಿದ್ದ. ಅವ್ವ ಕತ್ಲಿರೂವಾಗ್ಲೇ ತ್ವಾಟಕ್ ಓಗಿತ್ತು. ಬಸ್ಸು ನಿಲ್ತು, ಕಂಡಕ್ಟ್ರು 'ಒಳಕ್ ಅತ್ತಮ್ಮೀ' ಅಂದ. ಅಳೋ ಕೂಸ್ನ ಎತ್ಕಂಡು ಪರೀಕ್ಸೆಗ್ ಎಂಗೋಗದು..."

ಕಡ್ಡಿ ತುಂಬಿತು. ದಾರದ ತುದಿಗೆ ಗಂಟು ಹಾಕಿ, ಅದನ್ನು ರಾಶಿಯ ಮೇಲಿಟ್ಟಳು. ಆಮೇಲೆ ಐದನೇ ಕ್ಲಾಸಿನಲ್ಲಿ ನೋಡುತ್ತಿದ್ದ ಹಾಗೆ ನನ್ನನ್ನು ನೋಡಿದಳು.

"ಎಂಟೂಮುಕ್ಕಾಲು ಕಣೇ" ಎಂದಳು.

ಆ ಕೊನೆಯ ಲೆಕ್ಕಕ್ಕೆ ಸರಿ ಎಂದು ಹೇಳಬೇಕಾದವರು ಇರಲಿಲ್ಲ. ಮಾದೇವಿ ಇನ್ನೊಂದು ಕಡ್ಡಿ ಎತ್ತಿಕೊಂಡಳು.