ಕ್ಯಾಮೆರಾಕ್ಕೆ ಸಿಗದ ಹೆಜ್ಜೆ

ಕುಂದಗೋಳದ ಕಡೆಯ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುವಾಗ ಜೊತೆಗಿದ್ದ ಪಿ.ಟಿ. ಮಾಸ್ತರರು ನೇರವಾಗಿ ನಡೆದದ್ದನ್ನು ನಾನು ಕಂಡೇ ಇರಲಿಲ್ಲ. ಬಾಗಿಲಲ್ಲಿ ಎದುರಾದರೆ ಎಡಕ್ಕೆ ಹೆಜ್ಜೆ ತೋರಿಸಿ ಬಲಕ್ಕೆ ನುಸುಳಿಬಿಡುತ್ತಿದ್ದರು. ಅವರು ಹುಡುಗಿಯರಿಗೆ ಕಲಿಸುತ್ತಿದ್ದದ್ದು ಅಟ್ಯಾಪಟ್ಯಾ. ಚೆಂಡಿಲ್ಲದ ಆಟ, ಗೆರೆ ಕಾಯುವವರನ್ನು ಹುಸಿ ಹೆಜ್ಜೆಯಿಂದ ಏಮಾರಿಸಿ ದಾಟಬೇಕು. ತಂಡಕ್ಕೆ ಬರುವ ಹುಡುಗಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. "ಒಮ್ಮೆ ಟಿವ್ಯಾಗ ಬರ್ಲಿರಿ, ಆಮ್ಯಾಲೆ ನೋಡ್ರಿ" ಎನ್ನುತ್ತಿದ್ದರು ಮಾಸ್ತರರು, ದಿನಾ.

ಮೂರು ವರ್ಷ ಫೋನ್ ಮಾಡಿದ ಮೇಲೆ ಹುಬ್ಬಳ್ಳಿಯಿಂದ ಚಾನೆಲ್ಲಿನ ಕ್ಯಾಮೆರಾದವನೊಬ್ಬ ಬಂದ. ಎರೆಮಣ್ಣಿನ ಮೇಲೆ ಮಾಸ್ತರರು ತಾವೇ ಸುಣ್ಣದ ಗೆರೆ ಎಳೆದಿದ್ದರು. ಅವರ ಅತ್ಯುತ್ತಮ ಆಟಗಾರ್ತಿ ಎಡಕ್ಕೆ ವಾಲಿದಾಗಲೆಲ್ಲ ಕ್ಯಾಮೆರಾ ಎಡಕ್ಕೆ ಹೋಗುತ್ತಿತ್ತು. ಹುಡುಗಿ ಬಲಕ್ಕೆ ದಾಟಿರುತ್ತಿದ್ದಳು. ಆತ ತೆಗೆದ ಚಿತ್ರದಲ್ಲಿ ಬರೀ ಧೂಳು, ಖಾಲಿ ಗೆರೆ.

"ಒಂದು ಚೆಂಡರ ಇದ್ದಿದ್ರ ಅದರ ಹಿಂದ ಹೋಗ್ತಿದ್ದೆ," ಎಂದ ಆತ. "ಆಕಿಗೆ ಸಾವಕಾಶ ಆಡಂತ ಹೇಳ್ರಿ."

ಮಾಸ್ತರರು ಅವಳನ್ನು ಕರೆದು, "ಯಾವ ಕಡೆ ಹೊಂಟೀ ಅಂತ ಮೊದ್ಲ ತೋರ್ಸವಾ" ಎಂದರು.

"ತೋರ್ಸಿದ್ರ ಹಿಡೀತಾರಲ್ರಿ, ಸರ್."

ಅವರು ಗೆರೆಯ ಕಡೆ ಕೈ ತೋರಿಸಿದರು. ಅವರು ಹೇಳಿದಂತೆ ಅವಳು ಆಡಿದಳು, ಮೊದಲ ಗೆರೆಯಲ್ಲೇ ಔಟಾದಳು. ಟಿವಿಯಲ್ಲಿ ಬಂದದ್ದು ಅಷ್ಟೇ.

ಮರುವಾರದಿಂದ ಅವಳು ಮೈದಾನಕ್ಕೆ ಬರಲಿಲ್ಲ. ಮಾಸ್ತರರು ಒಂದು ಬೆಳಿಗ್ಗೆ ಬಾಗಿಲಲ್ಲಿ ಎದುರಾದರು. ನಾನು ರೂಢಿಯಂತೆ ನಗುತ್ತ ತಡೆದು ನಿಂತೆ. ಅವರು ಗೋಡೆಗೆ ಸರಿದು, "ಹೋಗ್ರಿ" ಎಂದು ನನಗೆ ದಾರಿ ಬಿಟ್ಟರು.