ಐದು ಫೂಟಿನ ಕಟ್ಟೆ

ಮನೆ ಮುಂದಿನ ಒಂದು ಕಟ್ಟೆಗೆ ನೂರಾ ನಲವತ್ತು ರೂಪಾಯಿ ಬಿತ್ತು. ನಾನು ಹೇಳಿದ್ದು ಇನ್ನೂರು. ಉಳಿದದ್ದನ್ನು ಮುರಿಸಿದವರು ರಾಜ್ಯದ ವಸತಿ ಮಂತ್ರಿಗಳು. ಅದೂ ಬಿಸಿಲಿನಲ್ಲಿ, ನನ್ನದೇ ಕಲ್ಲಿನ ರಾಶಿಯ ಮೇಲೆ ಕೂತು. ಮುದ್ದೇಬಿಹಾಳ ಕಡೆಯಿಂದ ಹಾಸುವ ಪರಸಿ ಕಲ್ಲು ತಂದು ಮಾರುವ ನನ್ನನ್ನು ಅಷ್ಟು ಇಳಿಸಿದವರು ಮತ್ತೊಬ್ಬರಿಲ್ಲ.

ಆ ಮಂತ್ರಿ, ಗುರಲಿಂಗಪ್ಪನವರು, ನಮ್ಮ ಸಿಂದಗಿ ಕಡೆಯವರೇ. ಯಾರ ಹೊಸ ಮನೆಗೆ ಹೋದರೂ "ಚಲೋ ಐತಿ" ಎನ್ನುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಗೋಡೆ ಬಡಿದು, "ಎಷ್ಟ ಬಿತ್ತು?" ಎನ್ನುತ್ತಿದ್ದರು. "ಕೂಲಿ ಮಾಡಾಂವಗ ಎಟುಕದ ಮನಿ ಕಟ್ಟಿಸಿದ್ರ ನಾ ಯಾತರ ಮಂತ್ರಿ?"

ದೇವರ ಹಿಪ್ಪರಗಿಯ ಹತ್ತಿರ ಬಡವರಿಗೆ ಒಂದು ಸಾಲು ಮನೆ ಕಟ್ಟಿಸಿದರು. ಖರ್ಚು ಇಳಿಸಲು ನಕಾಶೆಯೊಳಗಿನ ಕಟ್ಟೆಗಳನ್ನು ಹೊಡೆದುಹಾಕಿದ್ದವರೂ ಅವರೇ. ಮನೆ ಮುಗಿದವು, ಜನ ಮಾತ್ರ ಗುಡಿಸಲು ಬಿಟ್ಟು ಬರಲಿಲ್ಲ. ಹೊಸ ಮನೆಯೊಳಗೆ ಆಡು ಕಟ್ಟಿ, ದನದ ಮೇವಿನ ಕಣಿಕೆ ತುಂಬಿದರು.

ಕಾರಣ ಕೇಳಲು ಮಂತ್ರಿಗಳು ತಾವೇ ಬಂದರು. ಒಬ್ಬ ಮುದುಕಿ ಮುಲಾಜಿಲ್ಲದೆ ಅಂದಳು: "ಮನಿ ಚಲೋ ಐತೆಪಾ. ಹೊಸ್ತಿಲಾ ದಾಟಿದ್ರ ರಸ್ತಾ. ಸಂಜಿಕ ಬಂದ ಮಂದಿನ್ನ ಎಲ್ಲಿ ಕುಂದ್ರಸ್ಲಿ, ನಿನ್ನ ಕಾರಿನ್ಯಾಗೇನ?"

ಗುರಲಿಂಗಪ್ಪನವರು ನಕ್ಕರು. "ತಪ್ಪು ನಂದ ಐತಿ, ಯವ್ವಾ." ಉದ್ಘಾಟನೆಯ ಪೆಂಡಾಲು, ಕಮಾನು, ಹಾರ ಎಲ್ಲ ರದ್ದು ಮಾಡಿಸಿ, ಆ ಖರ್ಚಿನಲ್ಲೇ ಕಟ್ಟೆ ಆಗಬೇಕೆಂದು ನನ್ನನ್ನು ಕರೆಸಿದರು.

"ನೂರಾ ನಲವತ್ತ ರೂಪಾಯಿಗೆ ಮೂರು ಫೂಟ ಬರತೈತ್ರಿ, ಸಾಹೇಬ್ರ," ಎಂದೆ.

ಮೂರು ಫೂಟಿನ ಕಲ್ಲೊಂದನ್ನು ತೋರಿಸಿ ಅದರ ಮೇಲೆ ತಾವು ಕೂತರು. "ಬಾ, ಬಾಜೂಕ ಕುಂದ್ರು." ಕೂತೆ. ನನ್ನ ಅರ್ಧ ಮೈ ಹೊರಗೇ ಉಳಿಯಿತು. "ಒಬ್ಬಾಂವ ಕುಂತರ ಅದು ಕಟ್ಟಿ ಅಲ್ಲೋ, ಬರೇ ಕಲ್ಲು. ಐದು ಫೂಟ ಹಾಕು. ರೇಟ ಮಾತ್ರ ಅದ ಇರ್ಲಿ."

ಹಾಕಿದೆ. ವಾರದೊಳಗೆ ಆಡುಗಳು ಹೊರಗೆ ಬಂದವು, ಜನ ಒಳಗೆ ಹೋದರು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಷ್ಟು ಮನೆ ಕಟ್ಟಿಸಿದವರು ಸಿಂದಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದರು. ಒಂದು ಸಂಜೆ ಆಲಮೇಲಕ್ಕೆ ಲಾರಿ ಹೊಡೆಸಿಕೊಂಡು ಹೊರಟಾಗ ಅವರು ಆ ಮನೆ ಮುಂದಿನ ಪರಸಿ ಕಟ್ಟೆಯ ಮೇಲೆ ಒಬ್ಬರೇ ಕೂತದ್ದು ಕಂಡು ಇಳಿದೆ. ನನ್ನನ್ನು ನೋಡಿ ಒಂದು ತುದಿಗೆ ಸರಿದರು.

"ಬಾರೋ ಪರಸಿ ಸಾಹುಕಾರ. ಕುಂದ್ರು."

"ಲಾರಿ ನಿಂತೈತ್ರಿ. ತಿರುಗಿ ಬರುವಾಗ ಕುಂದರ್ತೇನಿ."

"ಹೋಗಪಾ, ಹೋಗು. ಜಾಗಾ ಐತಿ ಅಂತ ಹೇಳಿದೆ, ಅಷ್ಟ."

ತಿರುಗಿ ಬರುವಾಗ ಲಾರಿಗೆ ಚಡಚಣದ ಬಾಡಿಗೆ ಸಿಕ್ಕಿತು. ಸಿಂದಗಿಗೆ ಬಾರದೆ ಇಂಡಿ ಮೇಲೆ ಹಾಯ್ದು ಹೋದೆ. ತಿಂಗಳ ಮೇಲೆ ಹೋದರೆ ಅವರ ಬಾಗಿಲಿಗೆ ಕೀಲಿ. ತೀರಿಕೊಂಡು ಒಂಬತ್ತು ದಿನವಾಗಿತ್ತು ಎಂದು ಪಕ್ಕದ ಮನೆಯವರು ಹೇಳಿದರು. ಕಟ್ಟೆಯ ಒಂದು ತುದಿ ಕೂತು ಕೂತು ನುಣುಪಾಗಿತ್ತು. ಇನ್ನೊಂದು ತುದಿ ಗಣಿಯಿಂದ ಬಂದಾಗ ಇದ್ದಂತೆಯೇ ಒರಟು.

ಅವತ್ತು ಲಾರಿ ಅರ್ಧ ತಾಸು ನಿಲ್ಲಿಸಿದ್ದರೆ ಎಷ್ಟು ಹೆಚ್ಚಿಗೆ ರೊಕ್ಕ ಕೇಳುತ್ತಿದ್ದಿ ಎಂದು ಆಮೇಲೆ ಡ್ರೈವರನನ್ನು ಕೇಳಿದೆ. "ಏನೂ ಇಲ್ರಿ. ನಾನೂ ಚಾ ಕುಡೀತಿದ್ದೆ," ಅಂದ.

ಮನೆ ಕಟ್ಟಿಸುವವರಿಗೆ ನನ್ನ ಮಾತಿಷ್ಟು. ಖರ್ಚು ಉಳಿಸಬೇಕೆಂದರೆ ಗೋಡೆಯ ಗಿಲಾವು ಬಿಡಿ, ಬಣ್ಣ ಬಿಡಿ, ಕಟ್ಟೆ ಬಿಡಬೇಡಿ. ಐದು ಫೂಟಿಗೆ ಕಡಿಮೆ ಬೇಡ, ನೀರು ನಿಲ್ಲದಂತೆ ತುಸು ಇಳಿಜಾರು ಇರಲಿ. ದರ ಎಷ್ಟಾದರೂ ಚೌಕಾಸಿ ಮಾಡಿ. ಆದರೆ ಯಾರಾದರೂ ಸರಿದು ಜಾಗ ಕೊಟ್ಟರೆ, ಲಾರಿ ನಿಲ್ಲಿಸಿ ಕೂಡ್ರಿ.